ಐನೂರು ಹಾರ್ಸ್‌ಪವರ್ ಬಿಟ್ಟು ಐನೂರು ಕಿಲೋ ಕಡೆಗೆ: ಸ್ಪೋರ್ಟ್ಸ್ ಕಾರೋ, ಕಿಟ್ ಕಾರೋ?

ಬ್ರಿಟನ್ನಿನಲ್ಲಿ ಕೆಲಸಕ್ಕಿರುವ ನಮ್ಮವರಲ್ಲಿ ಕಾರಿನ ಹುಚ್ಚು ಇರುವವರು ಬಹಳ ಜನ. ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ ಪೋರ್ಷೆಯೋ, ಬಿಎಂಡಬ್ಲ್ಯು ಎಂ ಕಾರೋ ಮನೆಗೆ ಬರುತ್ತದೆ. ಒಂದೆರಡು ವರ್ಷ ಖುಷಿಯೋ ಖುಷಿ. ಆಮೇಲೆ ಒಂದು ಕೊರಗು ಶುರುವಾಗುತ್ತದೆ. ಕಾರಿಗೆ ಇರುವ ಬಲದಲ್ಲಿ ಕಾಲು ಭಾಗವನ್ನೂ ರಸ್ತೆಯಲ್ಲಿ ಬಳಸಲು ಆಗುತ್ತಿಲ್ಲವಲ್ಲ ಎಂದು. ಆಗ ಕಣ್ಣು ಬೀಳುವುದು ಕ್ಯಾಟರ್‌ಹ್ಯಾಮ್ ಸೆವೆನ್ ಥರದ ಹಗುರ ಕಿಟ್ ಕಾರುಗಳ ಮೇಲೆ, ಅಂದರೆ ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ ಕಾರುಗಳ ಮೇಲೆ. ನಾನೂ ಇದೇ ದಾರಿಯಲ್ಲಿ ಬಂದೆ. ಬಂದದ್ದಕ್ಕೆ ಸಂತೋಷವಿದೆ. ಆದರೂ ಕೇಳಿದವರಿಗೆಲ್ಲ "ತಗೊಳ್ಳಿ" ಎಂದು ಹೇಳುವುದಿಲ್ಲ. ಯಾವ ರಸ್ತೆಯಲ್ಲಿ, ಯಾರ ಜೊತೆ, ಎಷ್ಟು ಹೊತ್ತು ಓಡಿಸುತ್ತೀರಿ ಎಂದು ಮೊದಲು ಕೇಳುತ್ತೇನೆ. ನಿರ್ಧಾರ ಆಗಬೇಕಾದ್ದು ಅದರ ಮೇಲೆ.

ಮೊದಲು ತೂಕದ ಲೆಕ್ಕ

2021ರಲ್ಲಿ ಬಂದ ಪೋರ್ಷೆ 911 ಜಿಟಿ3ಯನ್ನು ಒಂದು ಕಡೆ ಇಡೋಣ. ಸುಮಾರು 500 ಹಾರ್ಸ್‌ಪವರ್, ಮ್ಯಾನುಯಲ್ ಗೇರಿನ ಕಾರಿನ ತೂಕ 1,418 ಕಿಲೋ. ಇನ್ನೊಂದು ಕಡೆ ಕ್ಯಾಟರ್‌ಹ್ಯಾಮ್ ಸೆವೆನ್ 420. ಎರಡು ಲೀಟರ್ ಫೋರ್ಡ್ ಎಂಜಿನ್, 210 ಹಾರ್ಸ್‌ಪವರ್, 560 ಕಿಲೋ. ಪ್ರತಿ ಟನ್ನಿಗೆ ಎಷ್ಟು ಹಾರ್ಸ್‌ಪವರ್ ಎಂದು ನೋಡಿದರೆ ಪೋರ್ಷೆಗೆ 350 ಚಿಲ್ಲರೆ, ಸೆವೆನ್‌ಗೆ 375. ಜಾಹೀರಾತಿನಲ್ಲಿ ಕಾಣುವುದು ಇದೇ ಸಂಖ್ಯೆ.

ಆದರೆ ಕಾರು ತಾನಾಗಿಯೇ ಓಡುವುದಿಲ್ಲವಲ್ಲ. 75 ಕಿಲೋ ತೂಕದ ಒಬ್ಬರು ಒಳಗೆ ಕೂತರೆ ಎರಡೂ ಕಾರು 330ರ ಆಸುಪಾಸಿಗೆ ಬಂದು ಸಮ ಆಗುತ್ತವೆ. ಅದೇ ತೂಕದ ಇನ್ನೊಬ್ಬರು ಪಕ್ಕದಲ್ಲಿ ಕೂತರೆ ಪೋರ್ಷೆ 319ಕ್ಕೆ ಇಳಿಯುತ್ತದೆ, ಸೆವೆನ್ 296ಕ್ಕೆ. ತೂಕ ಅಳೆಯುವ ರೀತಿ ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಇವನ್ನು ಅಂದಾಜು ಎಂದೇ ತಗೊಳ್ಳಿ. ಆದರೂ ವಿಷಯ ಸ್ಪಷ್ಟ. ಹಗುರ ಕಾರಿಗೆ ಪ್ರತಿ ಕಿಲೋವೂ ಗೊತ್ತಾಗುತ್ತದೆ. ಪೆಟ್ರೋಲ್ ಟ್ಯಾಂಕ್ ತುಂಬಿದಾಗ, ಜೊತೆಗಾರರು ಹತ್ತಿದಾಗ ಕಾರಿನ ನಡವಳಿಕೆಯೇ ಬದಲಾಗುತ್ತದೆ. ದೊಡ್ಡ ಕಾರಿನಲ್ಲಿ ಇದು ಗಮನಕ್ಕೂ ಬರುವುದಿಲ್ಲ.

ಇನ್ನು ಕ್ಯಾಟರ್‌ಹ್ಯಾಮ್ 170 ನೋಡಿ. 2021ರಲ್ಲೇ ಬಂದ ಕಾರು. ಸುಜುಕಿಯ 660 ಸಿಸಿ, ಮೂರು ಸಿಲಿಂಡರಿನ ಟರ್ಬೊ ಎಂಜಿನ್. 84 ಹಾರ್ಸ್‌ಪವರ್, 440 ಕಿಲೋ. ಸೊನ್ನೆಯಿಂದ ಗಂಟೆಗೆ 60 ಮೈಲಿ ವೇಗಕ್ಕೆ 6.9 ಸೆಕೆಂಡ್. ಇವತ್ತಿನ ಸಾಧಾರಣ ಎಲೆಕ್ಟ್ರಿಕ್ ಕಾರೂ ಸಿಗ್ನಲ್ಲಿನಿಂದ ಇದಕ್ಕಿಂತ ಬೇಗ ಹೊರಡುತ್ತದೆ. ಸಂಖ್ಯೆ ನೋಡಿಯೇ ಕಾರು ಆರಿಸುವವರು ಇದನ್ನು ಹತ್ತಿರಕ್ಕೂ ಸೇರಿಸುವುದಿಲ್ಲ. ನನಗಂತೂ ಈ ಸಾಲಿನಲ್ಲಿ ಬಹಳ ಇಷ್ಟವಾದ ಕಾರು ಇದೇ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಹಳ್ಳಿ ರಸ್ತೆಯಲ್ಲಿ ಏನಾಗುತ್ತದೆ

ಬ್ರಿಟನ್ನಿನಲ್ಲಿ ಡ್ರೈವಿಂಗ್ ಸುಖ ಇರುವುದು ಬಿ ರೋಡುಗಳಲ್ಲಿ, ಅಂದರೆ ಹೆದ್ದಾರಿಯಲ್ಲದ ಸಣ್ಣ ರಸ್ತೆಗಳಲ್ಲಿ. ಎರಡೂ ಬದಿ ಪೊದೆಬೇಲಿ, ಮಧ್ಯೆ ಬಿಳಿಗೆರೆ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ, ತಿರುವಿನ ಆಚೆ ಟ್ರ್ಯಾಕ್ಟರ್ ಇರಬಹುದು. ಇಲ್ಲಿ ವೇಗದ ಮಿತಿ ಹೆಚ್ಚೆಂದರೆ ಗಂಟೆಗೆ 60 ಮೈಲಿ. ಜಿಟಿ3 ಎರಡನೇ ಗೇರಿನಲ್ಲೇ ಅದನ್ನು ದಾಟಿ ಹೋಗುತ್ತದೆ. ಇನ್ನೂ ನಾಲ್ಕು ಗೇರು ಸುಮ್ನೆ ಕೂತಿರುತ್ತವೆ. ಆ ಎಂಜಿನ್ ಹಾಡುವುದು 8,000, 9,000 ಆರ್‌ಪಿಎಂನಲ್ಲಿ. ಆ ಹಾಡು ಕೇಳಬೇಕೆಂದರೆ ಲೈಸೆನ್ಸ್ ಪಣಕ್ಕಿಡಬೇಕು.

ಜೊತೆಗೆ ಅಗಲ. ಕನ್ನಡಿ ಬಿಟ್ಟು ಈ 911ರ ಅಗಲ 1.85 ಮೀಟರ್. ಸಾಮಾನ್ಯ ಸೆವೆನ್ ಸುಮಾರು 1.58 ಮೀಟರ್. 170 ಇನ್ನೂ ಕಿರಿದು, 1.47 ಮೀಟರ್. ಸುಮಾರು ಒಂದಡಿಯ ಈ ವ್ಯತ್ಯಾಸ ಪೇಪರಿನಲ್ಲಿ ಚಿಕ್ಕದಾಗಿ ಕಾಣುತ್ತದೆ. ರಸ್ತೆಯಲ್ಲಿ ಅದು ಎಲ್ಲವನ್ನೂ ಬದಲಿಸುತ್ತದೆ. ಅಗಲದ ಕಾರಿನಲ್ಲಿ ನೀವು ಗೆರೆಗಳ ಮಧ್ಯೆ ಕಾರನ್ನು ಕೂರಿಸಿಕೊಂಡು ಹೋಗುತ್ತೀರಿ, ಅಷ್ಟೇ. ಕಿರಿದಾದ ಕಾರಿನಲ್ಲಿ ನಿಮ್ಮದೇ ಲೇನಿನ ಒಳಗೆ ಜಾಗ ಉಳಿಯುತ್ತದೆ. ತಿರುವಿಗೆ ಹೊರಗಿನಿಂದ ಬಂದು ಒಳಗೆ ಸವರಿಕೊಂಡು ಹೋಗಬಹುದು. ಎದುರಿಗೆ ವ್ಯಾನ್ ಬಂದರೆ ಎದೆ ಧಸಕ್ ಅನ್ನುವುದಿಲ್ಲ.

ಪೆಡಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸೆವೆನ್‌ನಲ್ಲಿ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬ್ರೇಕ್ ಸರ್ವೊ ಇಲ್ಲ, ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಇಲ್ಲ. ಮೊದಲ ಸಲ ಒತ್ತಿದವರಿಗೆ ಬ್ರೇಕೇ ಇಲ್ಲ ಅನ್ನಿಸುತ್ತದೆ. ಪೆಡಲ್ ಅರ್ಧ ಇಂಚೂ ಕೆಳಗೆ ಹೋಗುವುದಿಲ್ಲ, ಕಲ್ಲನ್ನು ಒತ್ತಿದ ಹಾಗೆ ಗಟ್ಟಿ. ಇನ್ನೂ ಜೋರಾಗಿ ಒತ್ತಿದರೆ ಕಾರು ನಿಲ್ಲಲು ಶುರುವಾಗುತ್ತದೆ. ಆಗ ಪಾದದ ಅಡಿಯಲ್ಲಿ ಒಂದು ಸಣ್ಣ ನಡುಕ ಗೊತ್ತಾಗುತ್ತದೆ. ಮುಂದಿನ ಟಯರು ಹಿಡಿತ ಬಿಡುವ ಹಂತಕ್ಕೆ ಬಂದಿದೆ ಎಂದರ್ಥ. ಒಂಚೂರು ಸಡಿಲಿಸಿದರೆ ಮತ್ತೆ ಹಿಡಿಯುತ್ತದೆ. ದೊಡ್ಡ ಕಾರಿನಲ್ಲಿ ಈ ಕೆಲಸವನ್ನು ಕಂಪ್ಯೂಟರ್ ಮಾಡುತ್ತಿತ್ತು. ಇಲ್ಲಿ ನಿಮ್ಮ ಕಾಲೇ ಮಾಡಬೇಕು. ಕಲಿಯಲು ಸಮಯ ಬೇಕು, ಮೊದಲು ಖಾಲಿ ಜಾಗದಲ್ಲಿ ಕಲಿಯಿರಿ.

ಸ್ಟಿಯರಿಂಗ್ ಕೂಡ ಹಾಗೇ, ಪವರ್ ಇಲ್ಲ. ಪಾರ್ಕಿಂಗಿನಲ್ಲಿ ತುಸು ಭಾರ, ಓಡುವಾಗ ಬೆರಳ ತುದಿಯಲ್ಲಿ. ಇನ್ನೊಂದು ವಿಷಯ, ನೀವು ಕೂರುವುದು ಹಿಂದಿನ ಆಕ್ಸಲ್ಲಿಗೆ ತಾಗಿದ ಹಾಗೆ. ಹಿಂದಿನ ಚಕ್ರ ಜಾರಲು ಹೊರಟರೆ ಕೈಗಿಂತ ಮೊದಲು ಸೊಂಟಕ್ಕೆ ಗೊತ್ತಾಗುತ್ತದೆ. 170ರಂಥ ಕಾರಿನಲ್ಲಿ ಇದೆಲ್ಲ ಗಂಟೆಗೆ 40 ಮೈಲಿಯಲ್ಲೇ ಸಿಗುತ್ತದೆ. ಮೂರನೇ ಗೇರಿನವರೆಗೂ ಆಕ್ಸಿಲರೇಟರ್ ಪೂರ್ತಿ ಒತ್ತಿ ಓಡಿಸಬಹುದು, ಆದರೂ ಕಾನೂನಿನ ಒಳಗೇ ಇರುತ್ತೀರಿ. ನನಗೆ ಅದು ಇಷ್ಟವಾಗಲು ಕಾರಣ ಇದೇ.

ಸೆವೆನ್ ಸೋಲುವ ಜಾಗಗಳು

ಮೋಟರ್‌ವೇಯಲ್ಲಿ ಹೋಲಿಕೆಯೇ ಇಲ್ಲ, ಪೋರ್ಷೆ ಗೆದ್ದ ಹಾಗೆ. ಸೆವೆನ್‌ನ ಆಕಾರ ಗಾಳಿಗೆ ಎದೆಯೊಡ್ಡಿ ನಿಂತ ಆಕಾರ. ಗಂಟೆಗೆ 70 ಮೈಲಿ ದಾಟಿದ ಮೇಲೆ ಹಗುರದ ಲಾಭ ಕರಗುತ್ತಾ ಹೋಗುತ್ತದೆ. 420ರ ಗರಿಷ್ಠ ವೇಗ 136 ಮೈಲಿ, 170ರದ್ದು 105. ಜಿಟಿ3 ಹತ್ತಿರಹತ್ತಿರ 200. ಇದಕ್ಕಿಂತ ಮುಖ್ಯ ಏನೆಂದರೆ ಪಕ್ಕದ ಲಾರಿಯ ಚಕ್ರದ ನಟ್ಟು ನಿಮ್ಮ ಕಿವಿಯ ಮಟ್ಟಕ್ಕೆ ಇರುತ್ತದೆ. ಆ ಡ್ರೈವರಿಗೆ ನೀವು ಕಾಣುತ್ತಿಲ್ಲ ಎಂದೇ ತಿಳಿದು ಓಡಿಸಬೇಕು. ಗಾಳಿಯ ಸದ್ದು ಎಷ್ಟಿರುತ್ತದೆ ಎಂದರೆ ಅರ್ಧ ಗಂಟೆ ಮೇಲೆ ಹೋಗುವುದಾದರೆ ಇಯರ್‌ಪ್ಲಗ್ ಬೇಕೇ ಬೇಕು.

ಸುರಕ್ಷತೆಯ ವಿಷಯದಲ್ಲಿ ಸುತ್ತಿಬಳಸಿ ಮಾತಾಡಬಾರದು. ಏರ್‌ಬ್ಯಾಗ್ ಇಲ್ಲ. ಕಾರು ಜಾರಿದಾಗ ತಾನೇ ಸರಿಪಡಿಸುವ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲ. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ತೆಳು ಅಲ್ಯೂಮಿನಿಯಂ ಹಾಳೆ, ಅಷ್ಟೇ ನಿಮ್ಮ ಮತ್ತು ಎದುರಿನ ಎಸ್‌ಯುವಿಯ ನಡುವೆ ಇರುವುದು. ಕಾರು ಮಗುಚಿದರೆ ತಲೆ ಕಾಯುವ ಒಳ್ಳೆಯ ರೋಲ್ ಬಾರ್ ಮತ್ತು ನಾಲ್ಕು ಪಾಯಿಂಟ್ ಬೆಲ್ಟ್ ಸಹಾಯ ಮಾಡುತ್ತವೆ. ಆದರೆ ಆಧುನಿಕ ಕಾರಿಗೆ ಅವು ಸಮ ಅಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, ಅವರನ್ನೂ ಇದರಲ್ಲಿ ಕರೆದೊಯ್ಯುವ ಆಸೆ ಇದ್ದರೆ ಈ ಕಾರು ಬೇಡ. ಇದು ನನ್ನ ಖಚಿತ ಅಭಿಪ್ರಾಯ.

ಮಳೆಯನ್ನು ಬ್ರಿಟನ್ನಿನಲ್ಲಿ ಮರೆಯಲಾಗುತ್ತಾ? ಛಾವಣಿ ಹಾಕಬಹುದು, ಅಂಗಿಗೆ ಹಾಕುವ ಹಾಗೆ ಒಂದೊಂದೇ ಗುಂಡಿ ಸಿಕ್ಕಿಸಿ. ಹಾಕಿದ ಮೇಲೆ ಒಳಗೆ ಹತ್ತುವುದು ಒಂದು ಕಸರತ್ತು, ಗಾಜೆಲ್ಲ ಮಂಜು. ಟ್ರ್ಯಾಕಿಗೆ ಮಾಡಿದ ಮೆತ್ತನೆಯ ಟಯರ್ ಹಾಕಿದ್ದರೆ ಚಳಿಯ ಒದ್ದೆ ರಸ್ತೆಯಲ್ಲಿ ಬಹಳ ಹುಷಾರಾಗಿರಬೇಕು. ಹಗುರ ಕಾರು ನೀರಿನ ಮೇಲೆ ಬೇಗ ತೇಲುತ್ತದೆ.

ಖರ್ಚಿನ ಲೆಕ್ಕದಲ್ಲಿ ಮಾತ್ರ ಪಕ್ಷ ಬದಲಾಗುತ್ತದೆ. ಜಿಟಿ3ಯ ಹಿಂದಿನ ಟಯರು 315 ಮಿಲಿಮೀಟರ್ ಅಗಲ, 21 ಇಂಚಿನ ಚಕ್ರ. ಬಹಳಷ್ಟು ಸೆವೆನ್‌ಗಳದ್ದು 185 ಅಗಲ, 13 ಇಂಚು. ಟ್ರ್ಯಾಕ್ ಡೇಗೆ, ಅಂದರೆ ದುಡ್ಡು ಕೊಟ್ಟು ರೇಸ್ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸುವ ದಿನಕ್ಕೆ, ಹೋಗುವವರಿಗೆ ಈ ಒಂದು ಸಾಲು ಸಾಕು. ತೂಕ ಕಡಿಮೆ ಇದ್ದರೆ ಬ್ರೇಕ್ ಪ್ಯಾಡ್, ಡಿಸ್ಕ್, ಟಯರ್ ಎಲ್ಲ ನಿಧಾನವಾಗಿ ಸವೆಯುತ್ತವೆ, ಬದಲಿಸುವ ಕೆಲಸವನ್ನು ಮನೆಯಲ್ಲೇ ಮಾಡಬಹುದು. ಸೆಕೆಂಡ್ ಹ್ಯಾಂಡ್ ಬೆಲೆಯೂ ಗಟ್ಟಿಯಾಗಿ ನಿಲ್ಲುತ್ತದೆ. ಇನ್ಶೂರೆನ್ಸ್ ತಗೊಳ್ಳುವಾಗ "ಒಪ್ಪಿದ ಬೆಲೆ"ಯ ಪಾಲಿಸಿ ಕೇಳಿ, ಇಲ್ಲದಿದ್ದರೆ ಅಪಘಾತದ ನಂತರ ಬೆಲೆಗಾಗಿ ಜಗಳ. ಸಾಮಾನ್ಯ ಪಾಲಿಸಿಗಳಲ್ಲಿ ಟ್ರ್ಯಾಕ್ ಡೇ ಸೇರಿರುವುದಿಲ್ಲ. ಟ್ರ್ಯಾಕುಗಳಲ್ಲಿ ಸದ್ದಿನ ಮಿತಿಯೂ ಇರುತ್ತದೆ. ಸೈಲೆನ್ಸರ್ ಜೋರಾಗಿರುವ ಕಾರನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ.

ಕಿಟ್ ಕಾರಿಗೆ ಮೂರು ದಾರಿ

ಮೊದಲು ತುಸು ಹಿನ್ನೆಲೆ. ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ 1957ರಲ್ಲಿ ಸೆವೆನ್ ತಂದಿತು. ಆಗ ಬ್ರಿಟನ್ನಿನಲ್ಲಿ ಸಿದ್ಧ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಪೆಟ್ಟಿಗೆಗೆ ಇರಲಿಲ್ಲ. ಅದಕ್ಕೇ ಕಿಟ್ ಆಗಿ ಮಾರಿದರು, ಜನ ಮನೆಯಲ್ಲೇ ಜೋಡಿಸಿಕೊಂಡರು. 1973ರಲ್ಲಿ ಅದರ ಬದಲು ವ್ಯಾಟ್ ತೆರಿಗೆ ಬಂದು ಆ ಅನುಕೂಲ ಹೋಯಿತು. ಅದೇ ವರ್ಷ ಗ್ರಹಾಂ ನಿಯರ್ನ್ ಅವರ ಕ್ಯಾಟರ್‌ಹ್ಯಾಮ್ ಕಾರ್ಸ್ ಸೆವೆನ್ ಮಾಡುವ ಹಕ್ಕನ್ನು ಲೋಟಸ್‌ನಿಂದ ತಗೊಂಡಿತು. ತೆರಿಗೆ ಲಾಭ ಹೋಗಿ ಅರ್ಧ ಶತಮಾನ ಆದರೂ ಜನ ಇನ್ನೂ ಮನೆಯಲ್ಲಿ ಜೋಡಿಸುತ್ತಿದ್ದಾರೆ. ಅದರಲ್ಲಿ ಸಿಗುವ ಸಂತೋಷಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮೊದಲ ದಾರಿ, ಯಾರೋ ಜೋಡಿಸಿದ ಸೆಕೆಂಡ್ ಹ್ಯಾಂಡ್ ಕಾರು. ದೊಡ್ಡ ಸ್ಪೋರ್ಟ್ಸ್ ಕಾರಿನಿಂದ ಬರುವ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಬೇಸರವಾದರೆ ಹೆಚ್ಚು ನಷ್ಟವಿಲ್ಲದೆ ಮಾರಬಹುದು. ನೋಡುವಾಗ ನೆಲಕ್ಕೆ ಮಲಗಿ ನೋಡಿ. ಕೆಳಗಿನ ಕೊಳವೆಗಳ ಬಣ್ಣ ಎದ್ದು ತುಕ್ಕು ಬಂದಿದೆಯಾ, ಹಿಂದಿನ ಸಸ್ಪೆನ್ಷನ್ ಸೇರುವ ಕಡೆ ಬಿರುಕಿದೆಯಾ, ತಳದ ಹಾಳೆ ನೆಗ್ಗಿದೆಯಾ. ಮುಂದಿನ ಮೂತಿಯ ಫೈಬರ್ ಒಡೆದಿದ್ದರೆ ಅದೊಂದನ್ನೇ ಬದಲಿಸಬಹುದು, ಹೆದರಬೇಡಿ. ಚೌಕಟ್ಟು ಸೊಟ್ಟಗಾಗಿದ್ದರೆ ಬಿಟ್ಟು ಬನ್ನಿ. ಲಾಗ್‌ಬುಕ್ಕಿನಲ್ಲಿ (ಕಾರಿನ ನೋಂದಣಿ ಪತ್ರ) ಬರೆದ ಎಂಜಿನ್ನೇ ಒಳಗಿದೆಯಾ ಎಂದು ನಂಬರ್ ತಾಳೆ ನೋಡಿ.

ಎರಡನೇ ದಾರಿ, ಹೊಸ ಕಿಟ್. ಕ್ಯಾಟರ್‌ಹ್ಯಾಮ್ ಕಿಟ್ಟಿನಲ್ಲಿ ಚೌಕಟ್ಟು ಬೆಸುಗೆ ಹಾಕಿ, ಹಾಳೆ ಹೊದಿಸಿಯೇ ಬರುತ್ತದೆ. ವೈರಿಂಗ್ ತಯಾರಾಗಿರುತ್ತದೆ. ಬೆಸುಗೆ ಕೆಲಸ ಗೊತ್ತಿರಬೇಕಿಲ್ಲ. ಒಳ್ಳೆಯ ಸ್ಪ್ಯಾನರ್ ಸೆಟ್, ಟಾರ್ಕ್ ವ್ರೆಂಚ್, ಜಾಕ್, ಸ್ಟ್ಯಾಂಡುಗಳು, ಎರಡು ದಿನಕ್ಕೆ ಬಾಡಿಗೆ ತಂದ ಎಂಜಿನ್ ಕ್ರೇನ್, ಒಂದು ಕಾರಿನ ಗ್ಯಾರೇಜು ಸಾಕು. 80ರಿಂದ 100 ಗಂಟೆ ಕೆಲಸ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕೈ ಪಳಗಿಲ್ಲದವರು ಇನ್ನೂ ಜಾಸ್ತಿ ಇಟ್ಟುಕೊಳ್ಳಿ. ಎಂಜಿನ್ನು ಮತ್ತು ಗೇರ್‌ಬಾಕ್ಸನ್ನು ಒಟ್ಟಿಗೆ ಮುಂದಿನಿಂದ ಓರೆಯಾಗಿ ಇಳಿಸಬೇಕು. ಅದಕ್ಕೆ ಮೊದಲು ಚೌಕಟ್ಟಿನ ಕೊಳವೆಗಳಿಗೆಲ್ಲ ಬಟ್ಟೆ ಸುತ್ತಿ ಟೇಪ್ ಹಾಕಿ, ಇಲ್ಲದಿದ್ದರೆ ಹೊಸ ಬಣ್ಣ ಕಿತ್ತು ಬರುತ್ತದೆ. ಇಬ್ಬರು ಇರಲೇಬೇಕು. ಒಬ್ಬರು ಕ್ರೇನ್ ಹತ್ತಿರ, ಇನ್ನೊಬ್ಬರು ಕೆಳಗೆ ಬಾಗಿ ಗೇರ್‌ಬಾಕ್ಸಿನ ಬಾಲಕ್ಕೆ ದಾರಿ ತೋರಿಸುತ್ತಾ.

ಮೂರನೇ ದಾರಿ, ಹಳೆಯ ಕಾರೊಂದನ್ನು ಬಿಚ್ಚಿ ಅದರ ಭಾಗಗಳಿಂದ ಕಟ್ಟುವುದು. ಮೊದಲೆಲ್ಲ ಫೋರ್ಡ್ ಎಸ್ಕಾರ್ಟ್ ಬಿಚ್ಚುತ್ತಿದ್ದರು. ಈಗ ಹಳೆಯ ಎಸ್ಕಾರ್ಟೇ ಸಂಗ್ರಹಕಾರರ ವಸ್ತುವಾಗಿ ಬೆಲೆ ಏರಿದೆ. ಆ ಜಾಗಕ್ಕೆ ಮಾಜ್ಡಾ ಎಂಎಕ್ಸ್-5 ಬಂದಿದೆ. ಅದರ ಬಾಡಿ ಬದಿಯಲ್ಲಿ ತುಕ್ಕು ಹಿಡಿದು ಹೋಗುತ್ತದೆ, ಎಂಜಿನ್ ಮಾತ್ರ ಗಟ್ಟಿಮುಟ್ಟು. ಎಂಇವಿ ಎಕ್ಸೊಸೆಟ್ ಥರದ ಕಿಟ್‌ಗಳಲ್ಲಿ ಆ ಯಂತ್ರಭಾಗವನ್ನೆಲ್ಲ ಹೊಸ ಕೊಳವೆ ಚೌಕಟ್ಟಿಗೆ ದಾಟಿಸುತ್ತಾರೆ. ಹಣ ಬಹಳ ಕಡಿಮೆ, ಸಮಯ ಬಹಳ ಜಾಸ್ತಿ. ಇಪ್ಪತ್ತೈದು ವರ್ಷದ ಬೋಲ್ಟು ಬಿಡಿಸಲು ಒಂದು ಭಾನುವಾರ ಪೂರ್ತಿ ಹೋಗಬಹುದು. ಅರ್ಧಕ್ಕೆ ನಿಂತ ಕಿಟ್ ಕಾರುಗಳು ಮಾರಾಟಕ್ಕೆ ಬರುವುದು ಹೆಚ್ಚಾಗಿ ಈ ದಾರಿಯಿಂದಲೇ. ಕಟ್ಟುವುದೇ ನಿಮ್ಮ ಹವ್ಯಾಸವಾದರೆ ಇದಕ್ಕೆ ಬನ್ನಿ. ಓಡಿಸಲು ಆತುರ ಇರುವವರು ಬರಬೇಡಿ.

ಐವಿಎ ಪರೀಕ್ಷೆ

ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯಲು ಐವಿಎ (ಇಂಡಿವಿಜುವಲ್ ವೆಹಿಕಲ್ ಅಪ್ರೂವಲ್), ಅಂದರೆ ಆ ಒಂದು ಕಾರನ್ನು ಬಿಡಿಯಾಗಿ ನೋಡಿ ಒಪ್ಪಿಗೆ ಕೊಡುವ ಪರೀಕ್ಷೆ ಪಾಸಾಗಬೇಕು. 2009ರಿಂದ ಈ ಪದ್ಧತಿ, ಅದಕ್ಕೆ ಮೊದಲು ಎಸ್‌ವಿಎ ಎಂಬ ಪರೀಕ್ಷೆ ಇತ್ತು. ಬ್ರೇಕ್, ದೀಪ, ಹೊಗೆ, ಸದ್ದು, ಬೆಲ್ಟು, ಕನ್ನಡಿ, ಸ್ಪೀಡೋಮೀಟರ್ ಎಲ್ಲ ನೋಡುತ್ತಾರೆ. ಜನ ಎಡವುವುದು ಮಾತ್ರ ಚೂಪು ಅಂಚುಗಳಲ್ಲಿ. ಪರೀಕ್ಷಕರು 100 ಮಿಲಿಮೀಟರಿನ ಒಂದು ಗುಂಡನ್ನು ಕಾರಿನ ಹೊರಮೈಗೆ ತಾಗಿಸಿ ನೋಡುತ್ತಾರೆ. ಗುಂಡು ಮುಟ್ಟುವ ಕಡೆಯಲ್ಲಿ ಅಂಚು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಲ್ಲಿ ದುಂಡಗಿರಬೇಕು. ಸೆವೆನ್‌ನಲ್ಲಿ ಸಸ್ಪೆನ್ಷನ್ ಎಲ್ಲ ಹೊರಗೇ ಇರುತ್ತದಲ್ಲ. ಅದಕ್ಕೇ ಪ್ರತಿ ನಟ್ಟಿಗೂ ಪ್ಲಾಸ್ಟಿಕ್ ಟೋಪಿ, ಪ್ರತಿ ಅಂಚಿಗೂ ರಬ್ಬರ್ ಪಟ್ಟಿ. ಈ ಕೆಲಸಕ್ಕೇ ಒಂದು ವಾರಾಂತ್ಯ ಇಟ್ಟುಕೊಳ್ಳಿ. ಕಟ್ಟುವಾಗ ಹಂತ ಹಂತವಾಗಿ ಫೋಟೋ ತೆಗೆಯಿರಿ, ಎಲ್ಲ ರಸೀದಿ ಜೋಪಾನ ಮಾಡಿ. ನೀವೇ ಕಟ್ಟಿದ್ದು ಎಂದು ತೋರಿಸಲು ಅವು ಬೇಕು. ಹಳೆಯ ಭಾಗಗಳ ಮೂಲ ಸಾಬೀತಾಗದಿದ್ದರೆ ಕ್ಯೂ ಅಕ್ಷರದ ನಂಬರ್ ಪ್ಲೇಟ್ ಬರುತ್ತದೆ. ಓಡಿಸಲು ತೊಂದರೆಯಿಲ್ಲ, ಮಾರುವಾಗ ಬೆಲೆ ಇಳಿಯುತ್ತದೆ.

ಊರಿನಲ್ಲಿ ಇದಾಗುತ್ತಾ?

ಬೆಂಗಳೂರಿನಿಂದ, ಮೈಸೂರಿನಿಂದ ಗೆಳೆಯರು ಇದನ್ನೇ ಕೇಳುತ್ತಾರೆ. ರಸ್ತೆಗೆ ಎಂದರೆ ಆಗುವುದಿಲ್ಲ. ಭಾರತದಲ್ಲಿ ಒಂದೊಂದು ಕಾರನ್ನು ಬಿಡಿಯಾಗಿ ಪರೀಕ್ಷಿಸಿ ಮನೆಯಲ್ಲಿ ಕಟ್ಟಿದವರಿಗೆ ನಂಬರ್ ಕೊಡುವ, ಐವಿಎಯಂಥ ಸುಲಭದ ದಾರಿ ಇಲ್ಲ. ಮಾದರಿಗೆ ಪುಣೆಯ ಎಆರ್‌ಎಐ ಥರದ ವಾಹನ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಬೇಕು. ಇದ್ದ ಕಾರನ್ನೇ ಬದಲಿಸೋಣ ಎಂದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದಿದೆ. ಕಟ್ಟುವ ಆಸೆ ಇರುವ ವಿದ್ಯಾರ್ಥಿಗಳಿಗೆ ಫಾರ್ಮುಲಾ ಸ್ಟೂಡೆಂಟ್ ದಾರಿ ಇದೆ, ಕಾಲೇಜು ತಂಡಗಳು ತಾವೇ ರೇಸ್ ಕಾರು ಕಟ್ಟಿ ಪೈಪೋಟಿಗಿಳಿಯುವ ಸ್ಪರ್ಧೆ ಅದು. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡ ವರ್ಷಗಳಿಂದ ಇಂಥ ಕಾರು ಕಟ್ಟುತ್ತಿದೆ. ಉಳಿದವರಿಗೆ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, ಚೆನ್ನೈ ಹತ್ತಿರದ ಟ್ರ್ಯಾಕುಗಳಲ್ಲಿ ರೇಸಿಂಗ್ ಶಾಲೆಗಳ ಹಗುರ ಸಿಂಗಲ್ ಸೀಟರ್. ಹಗುರ ಕಾರು ಅಂದರೆ ಏನೆಂದು ಅಲ್ಲಿ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ನಡುವಿನ ಕಾರುಗಳು

ಪೋರ್ಷೆಯಿಂದ ನೇರ ಸೆವೆನ್‌ಗೆ ಹಾರಲೇಬೇಕೆಂದಿಲ್ಲ. 1996ರ ಮೊದಲ ಲೋಟಸ್ ಎಲಿಸ್ 725 ಕಿಲೋ ಇತ್ತು. ಬಾಗಿಲಿದೆ, ಹೀಟರ್ ಇದೆ, ತಕ್ಕಮಟ್ಟಿಗೆ ಮಳೆ ತಡೆಯುತ್ತದೆ. ಆಲ್ಪೈನ್ ಎ110 ಸುಮಾರು 1,100 ಕಿಲೋ, ಇಬ್ಬರು ಆರಾಮವಾಗಿ ಸ್ಕಾಟ್ಲೆಂಡಿಗೆ ಹೋಗಿ ಬರಬಹುದು. ಈಗಿನ ಎಂಎಕ್ಸ್-5 ಸುಮಾರು ಒಂದು ಟನ್, ದಿನಾ ಆಫೀಸಿಗೂ ಆಗುತ್ತದೆ. ಮನೆಯಲ್ಲಿ ಒಂದೇ ಕಾರಿಗೆ ಜಾಗವಿದ್ದರೆ ಕಿಟ್ ಕಾರಿನ ಮಾತು ಬಿಡಿ, ಎಂಎಕ್ಸ್-5 ತಗೊಳ್ಳಿ. ಮನೆಯವರೂ ಜೊತೆಗೆ ಬರಬೇಕು, ದೂರ ಹೋಗಬೇಕು ಎಂದರೆ ಆಲ್ಪೈನ್, ಅಥವಾ ಈಗಿರುವ ಕಾರನ್ನೇ ಇಟ್ಟುಕೊಳ್ಳಿ. ಮನೆಬಳಕೆಗೆ ಬೇರೆ ಕಾರಿದ್ದು, ಇದು ಬರೀ ಭಾನುವಾರ ಬೆಳಗಿನ ಎರಡು ಗಂಟೆಗೆ ಎಂದಾದರೆ ಸೆವೆನ್‌ಗೆ ಸಮನಾದದ್ದು ನನಗೆ ಇನ್ನೊಂದು ಕಂಡಿಲ್ಲ.

ಟೆಸ್ಟ್ ಡ್ರೈವಿಗೆ ಹೋಗುವಾಗ ತೆಳು ಅಂಚಿನ ಕಿರಿದಾದ ಬೂಟು ಹಾಕಿಕೊಳ್ಳಿ. ದಪ್ಪ ಬೂಟಿನಲ್ಲಿ ಎರಡು ಪೆಡಲ್ ಒಟ್ಟಿಗೆ ಒತ್ತಿ ಹೋಗುತ್ತವೆ. ಎತ್ತರ ಇದ್ದರೆ, ಮೈ ತುಂಬಿಕೊಂಡಿದ್ದರೆ 110 ಮಿಲಿಮೀಟರ್ ಅಗಲವಾದ ಎಸ್‌ವಿ ಚೌಕಟ್ಟಿನ ಕಾರನ್ನೂ ಕೂತು ನೋಡಿ. ಹದಿನೈದು ನಿಮಿಷದ ಸುತ್ತಿನಲ್ಲಿ ಏನೂ ತಿಳಿಯುವುದಿಲ್ಲ. ಒಂದು ದಿನಕ್ಕೆ ಬಾಡಿಗೆಗೆ ತಗೊಂಡು ಮೋಟರ್‌ವೇಗೂ ಹೋಗಿ, ಮಳೆಯಿದ್ದರೆ ಇನ್ನೂ ಒಳ್ಳೆಯದು. ಮನೆಯವರನ್ನೂ ಒಂದು ಸುತ್ತು ಕೂರಿಸಿ.

ಕೊನೆಗೆ ಯಾವ ಎಂಜಿನ್ ಎಂಬ ಪ್ರಶ್ನೆ. ಐನೂರು ಹಾರ್ಸ್‌ಪವರಿನಿಂದ ಬಂದವರ ಕೈ ತಾನಾಗಿಯೇ ಪಟ್ಟಿಯ ಮೇಲ್ಗಡೆಗೆ ಹೋಗುತ್ತದೆ. 310 ಹಾರ್ಸ್‌ಪವರಿನ 620 ಕೂಡ ಇದೆ, 60 ಮೈಲಿಗೆ ಮೂರು ಸೆಕೆಂಡ್ ಕೂಡ ಬೇಡ. ಆದರೆ ಅದನ್ನು ತಗೊಂಡರೆ ಬಿಟ್ಟು ಬಂದ ಸಮಸ್ಯೆಯೇ ಮತ್ತೆ ಗಂಟುಬೀಳುತ್ತದೆ. ನೀವು ಅಂದುಕೊಂಡಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನು ತಗೊಳ್ಳಿ. ರಸ್ತೆಗೆ 130ರಿಂದ 150 ಹಾರ್ಸ್‌ಪವರ್ ಧಾರಾಳ. ಉಳಿದ ಹಣದಲ್ಲಿ ಬಿಸಿಯಾಗುವ ವಿಂಡ್‌ಸ್ಕ್ರೀನು, ಹೀಟರು, ಗಟ್ಟಿ ರೋಲ್ ಬಾರು, ರಸ್ತೆಗೆ ಒಗ್ಗುವ ಟಯರು ಹಾಕಿಸಿ.